ಬರ್ಗೆನ್ನಿನ 'ಬ್ರಿಗ್ಗೆನ್': ಕನ್ನಡದಲ್ಲಿ 'ಧಕ್ಕೆ' ಅಂದರೆ ಸಾಕೇ?

ನಾರ್ವೆಯ ಪಡುವಣ ಕರಾವಳಿಯ ಬರ್ಗೆನ್ ಊರಿಗೆ ಹೋಗಿ ಬಂದು ಪ್ರವಾಸ ಬರಹ ಬರೆಯಲು ಕೂತಿದ್ದೇನೆ. ಮೊದಲ ಪುಟದಲ್ಲೇ ಒಂದು ಪದಕ್ಕೆ ಸಿಕ್ಕಿಕೊಂಡಿದ್ದೇನೆ. ಬಲ್ಲವರು ಬಿಡಿಸಬೇಕು.

ಹಳೇ ಬಂದರಿನ ಅಂಚಿನಲ್ಲಿ, ನೀರಿಗೆ ಮುಖ ಮಾಡಿಕೊಂಡು ಮರದ ಮನೆಗಳ ಸಾಲೊಂದಿದೆ. ಆ ಜಾಗದ ಹೆಸರು ಬ್ರಿಗ್ಗೆನ್. 1979ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು. 1360ರ ಸುಮಾರಿಗೆ ಹಾನ್ಸಾ ಕೂಟದ (ಉತ್ತರ ಯುರೋಪಿನ ವ್ಯಾಪಾರಿ ಊರುಗಳ ಒಕ್ಕೂಟ) ಜರ್ಮನ್ ವ್ಯಾಪಾರಿಗಳು ಇಲ್ಲಿ ತಮ್ಮ ಕಚೇರಿ ತೆರೆದರು. ಉತ್ತರದಿಂದ ಒಣಮೀನು ಬರುತ್ತಿತ್ತು, ತೆಂಕಣದಿಂದ ಧಾನ್ಯ ಬರುತ್ತಿತ್ತು. (ಒಣಮೀನು ಅಂದಾಗ ನಮ್ಮ ಉಪ್ಪು ಹಾಕಿದ ಬಂಗುಡೆ ನೆನಪಾಗುತ್ತದೆ, ಅಲ್ವಾ? ಇದು ಬೇರೆ. ಕಾಡ್ ಅನ್ನೋ ಮೀನನ್ನು ಒಂದು ಹರಳು ಉಪ್ಪೂ ಹಾಕದೆ ಚಳಿಗಾಳಿಗೆ ತೂಗುಹಾಕಿ ಒಣಗಿಸಿದ್ದು. ಕಟ್ಟಿಗೆಯಷ್ಟು ಗಟ್ಟಿ.)

ಈಗ ಪದಕ್ಕೆ ಬರೋಣ. 'ಬ್ರಿಗ್ಗೆ' ಅಂದರೆ ಹಡಗು ಬಂದು ತಾಗಿ ನಿಂತು ಸರಕು ಇಳಿಸುವ ಕಟ್ಟೆ. ಕೊನೆಯಲ್ಲಿರುವ 'ನ್' ಗೊತ್ತಿರುವ ಒಂದನ್ನೇ ತೋರಿಸುವ ಪ್ರತ್ಯಯ. ಇಂಗ್ಲಿಷಿನಲ್ಲಿ ಮುಂದೆ ಬರುವ 'ದಿ' ಅಲ್ಲಿ ಹಿಂದೆ ಅಂಟಿಕೊಳ್ಳುತ್ತದೆ. ಹಾಗಾಗಿ ಪ್ರವಾಸಿ ಬರಹಗಳಲ್ಲಿ ಕಾಣುವ 'ಬ್ರಿಗ್ಗೆನ್ ವಾರ್ಫ್' ನಮ್ಮ 'ಗೇಟು ಬಾಗಿಲು' ಇದ್ದ ಹಾಗೆ. ವಾರ್ಫ್ ಅಂದರೂ ಅದೇ ಕಟ್ಟೆ, ಹೇಳಿದ್ದನ್ನೇ ಎರಡು ಸಲ ಹೇಳಿದಂತೆ.

ನಾನು ಉಡುಪಿ ಕಡೆಯವನು. ಕೈಗೆ ತಕ್ಷಣ ಬಂದ ಪದ 'ಧಕ್ಕೆ'. ಮಂಗಳೂರಿನಲ್ಲಿ 'ಬೆಳಗ್ಗೆ ಧಕ್ಕೆಗೆ ಹೋಗಿದ್ದೆ' ಅಂದರೆ ಯಾವ ಧಕ್ಕೆ ಅಂತ ಯಾರೂ ಕೇಳುವುದಿಲ್ಲ. ಮೀನಿನ ಬೋಟು ಬರುವ ಹಳೇ ಬಂದರಿನ ಧಕ್ಕೆ, ಅಷ್ಟೇ. ಬರ್ಗೆನ್ನಿನವರ 'ನ್' ಮಾಡುವ ಕೆಲಸವನ್ನು ನಾವು ಏನನ್ನೂ ಅಂಟಿಸದೆ ಮಾಡಿ ಮುಗಿಸುತ್ತೇವೆ. ಇದಕ್ಕಿಂತ ಒಳ್ಳೆಯ ಅನುವಾದ ಸಿಗಲಾರದು ಅಂದುಕೊಂಡು 'ಬ್ರಿಗ್ಗೆನ್ ಎಂದರೆ ಧಕ್ಕೆ' ಅಂತ ಬರೆದೆ. ಓದಿದ ತುಮಕೂರಿನ ಗೆಳೆಯ ಕೇಳಿದ: 'ಏನಪ್ಪಾ, ಯಾರ ಮನಸ್ಸಿಗೆ ಧಕ್ಕೆ ಆಯ್ತು?'

ಅವನದ್ದೂ ತಪ್ಪಲ್ಲ. ಘಟ್ಟದ ಮೇಲೆ ಧಕ್ಕೆ ಅಂದರೆ ಪೆಟ್ಟು, ಹಾನಿ. ಮರಾಠಿಯಲ್ಲಿ 'ಧಕ್ಕಾ' ಪದಕ್ಕೆ ಎರಡೂ ಅರ್ಥ ಇದೆ. ತಳ್ಳಿದರೂ ಧಕ್ಕಾ, ದೋಣಿ ತಾಗುವ ಕಟ್ಟೆಯೂ ಧಕ್ಕಾ. ಮುಂಬಯಿಯ 'ಭಾವೂಚಾ ಧಕ್ಕಾ' ಎಲ್ಲರಿಗೂ ಗೊತ್ತು. ದೋಣಿ ಬಂದು ಗುದ್ದುವ ಜಾಗ ಅಂತಲೇ ಈ ಹೆಸರು ಬಂತೇ? ಸುಮ್ನೆ ಊಹೆ. ತಿಳಿದವರು ತಿದ್ದಿ.

ಬೇರೆ ಪದಗಳನ್ನೂ ತೂಗಿ ನೋಡಿದೆ. 'ಬಂದರು' ಇಡೀ ಜಾಗಕ್ಕೆ ಸಲ್ಲುವ ಮಾತು, ಅದರ ಒಂದು ಅಂಚಿಗಲ್ಲ. 'ರೇವು' ಚೆನ್ನಾಗಿದೆ, ಆದರೆ ನನಗೆ ಅದು ದೋಣಿ ಹತ್ತಿ ಇಳಿಯುವ ದಡ, ಕಟ್ಟಿದ್ದೇ ಆಗಬೇಕಿಲ್ಲ. 'ಜೆಟ್ಟಿ' ಎಲ್ಲರ ಬಾಯಲ್ಲಿದೆ. ಆದರೆ ಮೈಸೂರಿನ ಓದುಗರಿಗೆ ಕುಸ್ತಿಯ ಜಟ್ಟಿ ಕಣ್ಣ ಮುಂದೆ ಬಂದರೆ ಕಷ್ಟ.

ಉಳಿದದ್ದು 'ಹಡಗುಕಟ್ಟೆ'. ಇದಕ್ಕೆ ಒಂದು ಬೆಂಬಲ ಇದೆ. 1955ರಲ್ಲಿ ಬ್ರಿಗ್ಗೆನ್ನಿನ ಒಂದು ಭಾಗ ಸುಟ್ಟುಹೋಯಿತು. ಆಮೇಲೆ ಅಲ್ಲಿ ಅಗೆದಾಗ ಗೊತ್ತಾದದ್ದು, ಪ್ರತಿ ಬೆಂಕಿಯ ನಂತರವೂ ಊರಿನವರು ಅವಶೇಷಗಳ ಮೇಲೆಯೇ ಮತ್ತೆ ಕಟ್ಟಿ, ಕಟ್ಟೆಯನ್ನು ನೀರಿನ ಕಡೆಗೆ ಇನ್ನಷ್ಟು ಮುಂದಕ್ಕೆ ತಂದಿದ್ದಾರೆ ಅಂತ. ಮರದ ದಿಮ್ಮಿಗಳ ಚೌಕಟ್ಟು, ಒಳಗೆ ಕಲ್ಲು. ಅಕ್ಷರಶಃ ಕಟ್ಟಿದ ಕಟ್ಟೆ. ಆದರೂ 'ಹಡಗುಕಟ್ಟೆ' ಅಂದಾಗ ಮೀನಿನ ವಾಸನೆ ಬರುವುದಿಲ್ಲ. ಧಕ್ಕೆ ಅಂದರೆ ಬರುತ್ತದೆ.

ಅದೇ ಅಗೆತದಲ್ಲಿ ಉತ್ತರ ಯುರೋಪಿನ ಹಳೇ ಲಿಪಿಯಾದ ರೂನ್ ಅಕ್ಷರಗಳನ್ನು ಕೊರೆದ ನೂರಾರು ಮರದ ತುಂಡುಗಳು ಸಿಕ್ಕವು. ಒಂದರ ಮೇಲೆ, ಗೀಡಾ ಅನ್ನುವವಳು ನೀನು ಮನೆಗೆ ಹೋಗಬೇಕು ಅಂತ ಹೇಳುತ್ತಾಳೆ ಅಂತಿದೆ. ಕನ್ನಡದಲ್ಲಿ 'ಮನೆಗೆ ಹೋಗ್ಬೇಕಂತೆ, ಗೀಡಾ ಹೇಳಿದ್ಲು' ಅಂದರೆ ಮುಗಿಯಿತು. ಆ 'ಅಂತೆ' ಒಂದಿದ್ದರೆ ಸಾಕು. ಇದೊಂದು ಸಾಲು ಮಾತ್ರ ಅನುವಾದಕ್ಕೆ ಯಾವ ತೊಂದರೆಯನ್ನೂ ಕೊಡಲಿಲ್ಲ!

ಸದ್ಯಕ್ಕೆ ಮೊದಲ ಸಲ 'ಹಡಗು ತಾಗುವ ಧಕ್ಕೆ' ಅಂತ ಬಿಡಿಸಿ ಬರೆದು, ಮುಂದೆ ಬರೀ 'ಧಕ್ಕೆ' ಅನ್ನೋಣ ಅಂತಿದ್ದೇನೆ. ಘಟ್ಟದ ಮೇಲಿನವರಿಗೆ ಇಷ್ಟು ಸಾಕಾಗುತ್ತದೆಯೇ? ಹಾಗೆಯೇ ಕಾರವಾರ, ಹೊನ್ನಾವರ, ಭಟ್ಕಳದವರು ಈ ಕಟ್ಟೆಗೆ ಮನೆಮಾತಿನಲ್ಲಿ ಏನೆನ್ನುತ್ತೀರಿ? ಧಕ್ಕೆಯೇ, ಬೇರೆ ಏನಾದರೂ ಉಂಟೇ?