ಕನ್ನಡ ಕೈಪಿಡಿಯಲ್ಲಿ ‘ಲಾಗಿದೆ’ ಹಿಡಿಯುವ ನಿಯಮ: ಬೇಡದ್ದೇ ಜಾಸ್ತಿ ಸಿಗುತ್ತಿದೆ

ಕಡತಮಿತ್ರ:

ಸಾಫ್ಟ್‌ವೇರ್ ಕೈಪಿಡಿಯ ಕನ್ನಡ ಪಠ್ಯವನ್ನು ವೇಲ್ ಎಂಬ ಬರಹ ತಪಾಸಣೆಯ ಪ್ರೋಗ್ರಾಮಿನಲ್ಲಿ ತಪಾಸಣೆ ಮಾಡಿಸುತ್ತಿದ್ದೇವೆ. ಎಲ್ಲವೂ ಮಾರ್ಕ್‌ಡೌನ್ ಕಡತಗಳು. ಪ್ರತಿ ಪುಲ್ ರಿಕ್ವೆಸ್ಟ್‌ಗೂ (ಬದಲಾವಣೆ ಸೇರಿಸುವ ಕೋರಿಕೆಗೂ) ತಪಾಸಣೆ ಓಡುತ್ತದೆ. ‘ಕರ್ಮಣಿ ಪ್ರಯೋಗ ಬೇಡ’ ಎಂದು ನಮ್ಮ ಶೈಲಿ ನಿಯಮಗಳಲ್ಲಿ ಇರುವುದರಿಂದ, ಎಕ್ಸಿಸ್ಟೆನ್ಸ್ ಬಗೆಯ (ಕೊಟ್ಟ ತುಣುಕು ಪಠ್ಯದಲ್ಲಿದ್ದರೆ ತೋರಿಸುವ) ಒಂದು ನಿಯಮ ಬರೆದು ‘ಲಾಗಿ’, ‘ಲಾಗು’, ‘ಲ್ಪಟ್ಟ’ ಮೂರನ್ನೂ ಟೋಕನ್ ಆಗಿ, ಅಂದರೆ ಹುಡುಕಬೇಕಾದ ತುಣುಕಾಗಿ, ಕೊಟ್ಟೆವು. ‘ಅಳಿಸಲಾಗಿದೆ’ ಒಂದು ಸಲವೂ ಸಿಗಲಿಲ್ಲ. ಪದದ ಗಡಿ ನೋಡದೆ ಹುಡುಕಿಸುವ ನಾನ್‌ವರ್ಡ್ ಆಯ್ಕೆಯನ್ನು ಟ್ರೂ ಮಾಡಿದ ಮೇಲೆ ಅದು ಸಿಕ್ಕಿತು, ಜೊತೆಗೆ ‘ಲಾಗಿನ್ ಆಗಿ’, ‘ಪಾಸ್‌ವರ್ಡ್ ಬದಲಾಗುತ್ತದೆ’, ‘ಈ ಪೋರ್ಟ್ ಮೀಸಲಾಗಿದೆ’ ಎಲ್ಲವೂ ಬಂದವು.

ಬೇಕಾದ್ದನ್ನಷ್ಟೇ ಹಿಡಿಯುವ ಪ್ಯಾಟರ್ನ್ ಹೇಗೆ ಬರೆಯುವುದು? ಇನ್ನೊಂದು: ದೋಷ ಸಂದೇಶಗಳಲ್ಲಿ ‘ಲಾಗಿದೆ’ ತೆಗೆದರೆ ವಾಕ್ಯವೇ ಕೆಡುತ್ತದೆ. ಅಲ್ಲಿಗೂ ಈ ನಿಯಮ ಹಾಕಬೇಕೇ?

ಒತ್ತಕ್ಷರ:

ಮೊದಲು ಸಿಗದಿದ್ದಕ್ಕೆ ಕಾರಣ ಪದದ ಗಡಿ. ಎಕ್ಸಿಸ್ಟೆನ್ಸ್ ನಿಯಮ ಟೋಕನ್ನಿನ ಎರಡೂ ಬದಿಗೆ ಗಡಿ ಹಾಕಿಕೊಂಡೇ ಹುಡುಕುತ್ತದೆ. ನಿಮ್ಮ ‘ಲಾಗಿ’ ಇರುವುದು ಪದದ ನಟ್ಟನಡುವೆ. ಕನ್ನಡದಲ್ಲಿ ಹುಡುಕಬೇಕಾದವು ಹೆಚ್ಚಾಗಿ ಪ್ರತ್ಯಯಗಳೇ ಆದ್ದರಿಂದ ನಾನ್‌ವರ್ಡ್ ಟ್ರೂ ಬೇಕೇ ಬೇಕು. ಪೈಥಾನ್ ಸ್ಕ್ರಿಪ್ಟ್ ಬರೆದುಕೊಳ್ಳುವವರಿಗೂ ಇದೇ ಗುಂಡಿ ಕಾದಿದೆ: ಅದರ ಜೊತೆಗೇ ಬರುವ, ಪ್ಯಾಟರ್ನ್ ಹುಡುಕುವ ಆರ್‌ಇ ಮಾಡ್ಯೂಲು ಕಾಗುಣಿತದ ಚಿಹ್ನೆಗಳನ್ನು ಪದದ ಅಕ್ಷರವೆಂದು ಎಣಿಸುವುದಿಲ್ಲ. ಪದಗಳನ್ನು ಬಿಡಿಸಲು ಹೇಳಿದರೆ ‘ಕನ್ನಡ’ ಎಂಬ ಒಂದೇ ಪದವನ್ನು ‘ಕನ’, ‘ನಡ’ ಎಂದು ಎರಡು ತುಂಡು ಮಾಡಿ ಕೊಡುತ್ತದೆ.

ಪ್ಯಾಟರ್ನ್‌ಗೆ ಬಂದರೆ, ‘ಲಾಗ’ಕ್ಕೆ ಹಿಂದಿನ ಅಕ್ಷರವನ್ನೂ ಸೇರಿಸಿ. ನಿಮಗೆ ಬೇಕಾದದ್ದು ‘ಅಲು’ ಅಂತ್ಯದ ಕ್ರಿಯಾರೂಪಕ್ಕೆ ‘ಆಗು’ ಸೇರಿದ್ದು. ಕೈಪಿಡಿಗಳಲ್ಲಿ ಇದು ಬರುವುದು ಬಹುಪಾಲು ‘ಿಸಲಾಗ’ (ಅಳಿಸಲಾಗಿದೆ), ‘ಡಲಾಗ’ (ಮಾಡಲಾಗಿದೆ), ‘ಯಲಾಗ’ (ತೆರೆಯಲಾಗಿದೆ), ‘ಚ್ಚಲಾಗ’ (ಮುಚ್ಚಲಾಗಿದೆ), ‘ದಲಾಗ’ (ಓದಲಾಗಿದೆ) ಎಂಬ ರೂಪಗಳಲ್ಲಿ. ಇಷ್ಟು ಕೊಟ್ಟರೆ ಲಾಗಿನ್ ತಾನಾಗಿಯೇ ಬಿಟ್ಟುಹೋಗುತ್ತದೆ. ಮೊದಲನೆಯದರಲ್ಲಿ ಗುಡಿಸನ್ನು ಬಿಡಬೇಡಿ: ಬರೀ ‘ಸಲಾಗ’ ಎಂದರೆ ‘ಮೀಸಲಾಗಿದೆ’ ಮತ್ತೆ ಸಿಕ್ಕಿಬೀಳುತ್ತದೆ.

ಉಳಿಯುವುದು ‘ಬದಲಾಗಿದೆ’ ಮತ್ತು ‘ಬಯಲಾಗಿದೆ’. ಎರಡೂ ನಾಮಪದಕ್ಕೆ ‘ಆಗು’ ಸೇರಿದವು. ಅದೃಷ್ಟಕ್ಕೆ ಎರಡರಲ್ಲೂ ‘ದ’, ‘ಯ’ಗಳ ಹಿಂದೆ ಬರಿಯ ‘ಬ’ ಇದೆ. ‘ದಲಾಗ’, ‘ಯಲಾಗ’ಗಳ ಹಿಂದೆ ‘ಬ’ ಇರಬಾರದು ಎಂಬ ಒಂದು ನೆಗೆಟಿವ್ ಲುಕ್‌ಬಿಹೈಂಡ್ ಸಾಕು, ವೇಲ್ ಇದನ್ನು ಒಪ್ಪುತ್ತದೆ. ಎಕ್ಸೆಪ್ಷನ್ಸ್ (ನಿಯಮ ಬಿಟ್ಟುಬಿಡಬೇಕಾದವುಗಳ) ಪಟ್ಟಿಗೆ ‘ಬದಲಾಗಿದೆ’ ಸೇರಿಸಿದರೆ ಇಲ್ಲಿ ಪ್ರಯೋಜನವಿಲ್ಲ, ಏಕೆಂದರೆ ಹೊಂದಿಕೆಯಾದ ತುಣುಕು ‘ದಲಾಗ’ ಮಾತ್ರ, ಇಡೀ ಪದವಲ್ಲ.

ಇದಕ್ಕೂ ಮೊದಲು ಪಠ್ಯವನ್ನು ಎನ್‌ಎಫ್‌ಸಿ ರೂಪಕ್ಕೆ (ಬಿಡಿ ಸಂಕೇತಗಳನ್ನು ಕೂಡಿಸಿಟ್ಟ ಯೂನಿಕೋಡ್ ರೂಪಕ್ಕೆ) ತನ್ನಿ. ‘ೋ’ ಒಂದೇ ಸಂಕೇತವಾಗಿಯೂ ಇರಬಹುದು, ಮೂರು ಸಂಕೇತಗಳ ಸಾಲಾಗಿಯೂ ಇರಬಹುದು. ಕಣ್ಣಿಗೆ ಎರಡೂ ಒಂದೇ, ಹುಡುಕಾಟಕ್ಕೆ ಬೇರೆ ಬೇರೆ. ‘ಸಾಫ್ಟ್‌ವೇರ್’ ನಡುವಿನ ಕಾಣದ ನಾನ್‌ಜಾಯ್ನರ್ (ಮುಂದಿನ ಅಕ್ಷರ ಒತ್ತಾಗದಂತೆ ತಡೆಯುವ ಸಂಕೇತ) ಮಾತ್ರ ಎನ್‌ಎಫ್‌ಸಿಗೆ ಜಗ್ಗುವುದಿಲ್ಲ, ಅದಕ್ಕೆ ಒಂದು ರೂಪದ ಬದಲು ಇನ್ನೊಂದನ್ನು ಸೂಚಿಸುವ ಸಬ್‌ಸ್ಟಿಟ್ಯೂಷನ್ ನಿಯಮವನ್ನೇ ಬರೆಯಬೇಕು. ಅನುಸ್ವಾರದ ಜಾಗದಲ್ಲಿ ಸೊನ್ನೆ ಅಂಕಿ ಒತ್ತಿದ ‘ಸ೦ಖ್ಯೆ’ಯಂಥವನ್ನೂ ಹಿಡಿಯಿರಿ: ಕನ್ನಡ ಅಕ್ಷರಕ್ಕೆ ಅಂಟಿಕೊಂಡು ‘೦’ ಬಂದರೆ ನೇರವಾಗಿ ಎರರ್.

ಕ್ರಿಯಾಪದ:

ಪ್ಯಾಟರ್ನ್ ಸರಿಯಾಯಿತು. ಆದರೆ ‘ಕರ್ಮಣಿ ಬೇಡ’ ಎಂಬ ಮೂಲ ನಿಯಮವೇ ಇಂಗ್ಲಿಷ್ ಕೈಪಿಡಿಗಳಿಂದ ಎತ್ತಿಕೊಂಡದ್ದು, ಅದನ್ನು ಹಾಗೆಯೇ ಇಟ್ಟುಕೊಳ್ಳಬೇಡಿ. ಈ ಮೂರು ವಾಕ್ಯ ನೋಡಿ:

ಸರ್ವರ್ ನಿಂತಿದೆ.
ಸರ್ವರನ್ನು ನಿಲ್ಲಿಸಲಾಗಿದೆ.
ಅಡ್ಮಿನ್ ಸರ್ವರನ್ನು ನಿಲ್ಲಿಸಿದ್ದಾರೆ.

ಮೊದಲನೆಯದು ತಾನಾಗಿ ಆದದ್ದು, ಕ್ರ್ಯಾಶ್ ಕೂಡ ಆಗಿರಬಹುದು. ಎರಡನೆಯದರಲ್ಲಿ ಯಾರೋ ಬೇಕೆಂದೇ ನಿಲ್ಲಿಸಿದ್ದಾರೆ, ಯಾರೆಂದು ಹೇಳಿಲ್ಲ. ಮೊದಲನೆಯದನ್ನು ಓದಿದವರು ಲಾಗ್ ತೆರೆದು ಕಾರಣ ಹುಡುಕುತ್ತಾರೆ, ಎರಡನೆಯದನ್ನು ಓದಿದವರು ನಿಲ್ಲಿಸಿದವರನ್ನು ಕೇಳುತ್ತಾರೆ. ತಪಾಸಣೆಯ ಕಾಟ ತಪ್ಪಿಸಲು ‘ನಿಲ್ಲಿಸಲಾಗಿದೆ’ಯನ್ನು ‘ನಿಂತಿದೆ’ ಮಾಡಿದರೆ ಮಾಹಿತಿಯೇ ಬದಲಾಗುತ್ತದೆ. ಹಾಗೆಯೇ ಸಂಪರ್ಕ ತಾನಾಗಿ ಹೋದಾಗ ‘ಕಡಿತಗೊಳಿಸಲಾಗಿದೆ’ ಎಂದು ಬರೆಯುವುದೂ ತಪ್ಪು.

ನಿಜವಾಗಿ ಎರರ್ ಆಗಬೇಕಾದದ್ದು ಇದರ ನಿಷೇಧ ರೂಪ. ‘ಫೈಲನ್ನು ಉಳಿಸಲಾಗುವುದಿಲ್ಲ’ ಎಂದರೆ ಏನು? ‘ಉಳಿಸಲು ಆಗುವುದಿಲ್ಲ’ ಎಂಬುದು ಸಂಧಿಯಾದರೂ ಇದೇ, ‘ಉಳಿಸುವ ಕ್ರಮ ಇಲ್ಲ’ ಎಂಬ ಕರ್ಮಣಿಯೂ ಇದೇ. ಡಿಸ್ಕ್ ತುಂಬಿದೆಯೋ, ಪ್ರೋಗ್ರಾಮೇ ಉಳಿಸದೆ ಬಿಡುತ್ತದೋ ಓದುವವರಿಗೆ ಗೊತ್ತಾಗುವುದಿಲ್ಲ. ‘ಉಳಿಸಲಾಗಲಿಲ್ಲ’ಕ್ಕೂ ಇದೇ ತೊಂದರೆ. ಅಸಾಧ್ಯವಾದರೆ ‘ಉಳಿಸಲು ಸಾಧ್ಯವಿಲ್ಲ’ ಎನ್ನಿ, ಉದ್ದೇಶಪೂರ್ವಕವಾದರೆ ‘ಈ ಪ್ರೋಗ್ರಾಮ್ ಫೈಲನ್ನು ಉಳಿಸುವುದಿಲ್ಲ’ ಎನ್ನಿ. ‘ಲಾಗುವುದಿಲ್ಲ’, ‘ಲಾಗಲಿಲ್ಲ’, ‘ಲಾಗದು’ಗಳನ್ನು ಬೇರೆಯೇ ನಿಯಮವಾಗಿ ಬರೆಯಿರಿ. ‘ಬದಲಾಗುವುದಿಲ್ಲ’ ಇಲ್ಲೂ ಸಿಗುತ್ತದೆ, ಒತ್ತಕ್ಷರ ಹೇಳಿದ ಲುಕ್‌ಬಿಹೈಂಡ್ ಇದಕ್ಕೂ ಹಾಕಿ.

‘ಲ್ಪಟ್ಟ’ ಇನ್ನೊಂದು ಕಥೆ. ‘ಲಾಗು’ ಜೊತೆ ಕರ್ಮಕ್ಕೆ ‘ಅನ್ನು’ ಉಳಿಯುತ್ತದೆ (ಫೈಲನ್ನು ಅಳಿಸಲಾಗಿದೆ), ‘ಲ್ಪಡು’ ಜೊತೆ ಉಳಿಯುವುದಿಲ್ಲ (ಫೈಲ್ ಅಳಿಸಲ್ಪಟ್ಟಿದೆ). ಎರಡೂ ಬೆರೆತ ‘ಫೈಲನ್ನು ಅಳಿಸಲ್ಪಟ್ಟಿದೆ’ ವ್ಯಾಕರಣದಲ್ಲೇ ತಪ್ಪು. ‘ಲ್ಪಟ್ಟ’ ಕೈಪಿಡಿಗೆ ಬೇಕಾಗುವುದೇ ಅಪರೂಪ, ಪೂರ್ತಿ ನಿಲ್ಲಿಸಿದರೂ ನಷ್ಟವಿಲ್ಲ.

ಕಡತಮಿತ್ರ:

ತುಂಬ ಉಪಯೋಗವಾಯಿತು. ನಿಷೇಧ ರೂಪದ ಎರಡರ್ಥ ಹೊಳೆದೇ ಇರಲಿಲ್ಲ. ಹಂತಗಳಲ್ಲಿ ಬರುವ ‘ಮಾಡಿ’, ‘ಒತ್ತಿ’ಗಳಿಗೂ ಇಂಥ ನಿಯಮ ಬೇಕಾಗುತ್ತದೆಯೇ? ವಾಕ್ಯದ ಉದ್ದಕ್ಕೆ 20 ಪದದ ಮಿತಿ ಸಾಕೇ?

ಅರೆವಿರಾಮ:

ಬೇಕು, ಅದರಲ್ಲೂ ಎಚ್ಚರಿಕೆಯ ಸಾಲುಗಳಲ್ಲಿ. ‘ನಿಲ್ಲಿಸಿ’ ಆಜ್ಞೆಯೂ ಹೌದು, ‘ನಿಲ್ಲಿಸಿದ ಮೇಲೆ’ ಎಂಬ ಅರ್ಥವೂ ಹೌದು. ‘ಫೈಲ್ ಆರಿಸಿ ಉಳಿಸಿ’ಯಲ್ಲಿ ಹೇಗೆ ಓದಿದರೂ ಕೆಲಸ ಒಂದೇ, ಬಿಟ್ಟುಬಿಡಿ. ಆದರೆ ‘ಸರ್ವರ್ ನಿಲ್ಲಿಸಿ ಡೇಟಾ ಅಳಿಸಬೇಡಿ’ ಎಂದರೆ? ಸರ್ವರನ್ನು ನಿಲ್ಲಿಸಬೇಕೋ ಬೇಡವೋ? ‘ಸರ್ವರ್ ನಿಲ್ಲಿಸಿ. ಡೇಟಾ ಅಳಿಸಬೇಡಿ.’ ಎಂದು ಒಡೆಯಿರಿ, ಅಥವಾ ‘ಸರ್ವರ್ ನಿಂತಿರುವಾಗ ಡೇಟಾ ಅಳಿಸಬೇಡಿ’ ಎನ್ನಿ. ಒಂದೇ ವಾಕ್ಯದಲ್ಲಿ ಗುಡಿಸಿನಿಂದ ಮುಗಿಯುವ ಪದವೂ ಆಮೇಲೆ ‘ಬೇಡಿ’ಯೂ ಬಂದರೆ ವಾರ್ನಿಂಗ್ ಕೊಡಿ. ‘ಆಗಿ’, ‘ಮತ್ತೊಮ್ಮೆ ನೋಡಿ’ಯಂಥವೂ ಸಿಗುತ್ತವೆ, ಆದರೂ ಈ ಒಂದು ನಿಯಮಕ್ಕೆ ಆ ಗದ್ದಲ ಸಹಿಸಬಹುದು.

20 ಪದದ ಮಿತಿ ಸರಳೀಕೃತ ತಾಂತ್ರಿಕ ಇಂಗ್ಲಿಷಿನದು: ಅದರ ಮಾನದಂಡವಾದ ಎಎಸ್‌ಡಿ-ಎಸ್‌ಟಿಇ100ರಲ್ಲಿ ಹಂತದ ವಾಕ್ಯಕ್ಕೆ 20, ವಿವರಣೆಗೆ 25. ಕನ್ನಡದಲ್ಲಿ ವಿಭಕ್ತಿಯೂ ನಿಷೇಧವೂ ಪದಕ್ಕೇ ಅಂಟುವುದರಿಂದ 12 ಪದದ ವಾಕ್ಯವೂ ಉಸಿರು ಕಟ್ಟಿಸಬಹುದು. ಪದದ ಬದಲು ಕ್ರಿಯೆಗಳನ್ನು ಎಣಿಸಿ: ಹಂತವೊಂದರಲ್ಲಿ ಎರಡಕ್ಕಿಂತ ಹೆಚ್ಚು ಕ್ರಿಯೆ ಇದ್ದರೆ ಒಡೆಯಿರಿ.

ನಿಯಮದ ಮಟ್ಟಗಳ (ಸಜೆಷನ್, ವಾರ್ನಿಂಗ್, ಎರರ್) ವಿಷಯ: ಎರರ್ ಬಂದಾಗ ಮಾತ್ರ ವೇಲ್ ವಿಫಲ ಎಕ್ಸಿಟ್ ಕೋಡ್ (ಮುಗಿದಾಗ ಹೇಳುವ ಫಲಿತಾಂಶದ ಸಂಖ್ಯೆ) ಕೊಡುತ್ತದೆ, ಬಿಲ್ಡ್ ನಿಲ್ಲುವುದು ಆಗಲೇ. ಸೊನ್ನೆ-ಅನುಸ್ವಾರ, ‘ಲಾಗುವುದಿಲ್ಲ’, ‘ಲ್ಪಟ್ಟ’ ಎರರ್ ಆಗಲಿ. ಸಾಮಾನ್ಯ ‘ಲಾಗಿದೆ’ ಸಜೆಷನ್ ಮಟ್ಟದಲ್ಲಿರಲಿ, ತೆಗೆದುಹಾಕಬೇಡಿ. ಹಂತಗಳಲ್ಲಿ ‘ಬಟನ್ ಕ್ಲಿಕ್ ಮಾಡಲಾಗುತ್ತದೆ’ ಎಂದು ನುಸುಳಿದಾಗ ಅದೇ ಹಿಡಿಯುವುದು. ದೋಷ ಸಂದೇಶಗಳ ಕಡತಕ್ಕೆ ಕಾನ್ಫಿಗರೇಶನ್‌ನಲ್ಲಿ ಬೇರೆ ವಿಭಾಗ ಮಾಡಿ ಅಲ್ಲಿ ಆ ಒಂದು ನಿಯಮಕ್ಕೆ ‘ನೋ’ ಕೊಡಿ.

ಆ ಕಡತದಲ್ಲಿ ಇನ್ನೊಂದನ್ನೂ ನೋಡಿಕೊಳ್ಳಿ: ಹೆಸರು ಬಂದು ಕೂರುವ ಖಾಲಿ ಜಾಗದ ನಂತರ ನೇರವಾಗಿ ‘ಅನ್ನು’ ಇದ್ದರೆ ‘ಚಿತ್ರ ಅನ್ನು ಅಳಿಸಲಾಗಿದೆ’, ‘ವರದಿ ಅನ್ನು ಅಳಿಸಲಾಗಿದೆ’ ಎಂದು ಕಾಣಿಸುತ್ತದೆ. ಒಂದಕ್ಕೆ ‘ವನ್ನು’ ಬೇಕು, ಇನ್ನೊಂದಕ್ಕೆ ‘ಯನ್ನು’. ಯಾವ ಹೆಸರು ಬರುತ್ತದೆಂದು ಮೊದಲೇ ಗೊತ್ತಿರುವುದಿಲ್ಲ. ಖಾಲಿ ಜಾಗದ ಮುಂದೆ ಸ್ಥಿರವಾದ ಪದವೊಂದನ್ನಿಟ್ಟು ವಿಭಕ್ತಿಯನ್ನು ಅದಕ್ಕೆ ಅಂಟಿಸಿ: ‘ಚಿತ್ರ ಎಂಬ ಫೈಲನ್ನು ಅಳಿಸಲಾಗಿದೆ’. ಖಾಲಿ ಜಾಗವನ್ನು ಮುಚ್ಚುವ ಪುಷ್ಪಾವರಣದ (}) ನಂತರ ‘ಅನ್ನು’, ‘ಇಗೆ’, ‘ಇಂದ’ ಬಂದರೆ ಎರರ್ ಎಂದು ಬರೆಯಿರಿ. ವೇಲ್ ಕೋಡ್ ಭಾಗಗಳನ್ನು ಬಿಟ್ಟು ಓದುತ್ತದೆ, ಆದ್ದರಿಂದ ಈ ನಿಯಮಕ್ಕೆ ಸ್ಕೋಪ್ (ಹುಡುಕುವ ವ್ಯಾಪ್ತಿ) ‘ರಾ’, ಅಂದರೆ ಕಡತದ ಮೂಲ ಪಠ್ಯವೆಲ್ಲ, ಎಂದು ಕೊಡುವುದನ್ನು ಮರೆಯಬೇಡಿ.