ಎಡಗಡೆಯ ಹಿಂದಿನ ಬಾಗಿಲು

"ಬಾಗಿಲು ಸಿಕ್ತೇನೋ?" ಕಿಟ್ಟಿ ಬಂದು ಕೂರುವ ಮೊದಲೇ ಸೀತಾಪತಿ ಕೇಳಿದ.

ಎರಡು ವರ್ಷದಿಂದ ಕಿಟ್ಟಿ ಹುಡುಕುತ್ತಿರುವುದು ಮಗಳಿಗೆ ಗಂಡನ್ನಲ್ಲ, ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರಿನ ಎಡಗಡೆಯ ಹಿಂದಿನ ಬಾಗಿಲನ್ನು. ಇದ್ದ ಬಾಗಿಲಿನಲ್ಲಿ ಅರ್ಧ ತುಕ್ಕು ತಿಂದಿದೆ. ಉಳಿದರ್ಧ ಬರೀ ಪುಟ್ಟಿ.

"ಜೆ.ಸಿ. ರಸ್ತೆಯಲ್ಲಿ ಒಬ್ಬರ ಹತ್ರ ಇದೆ. ಆದರೆ ಬಾಗಿಲೊಂದನ್ನೇ ಕೊಡಲ್ವಂತೆ. ಜೊತೆಗೆ ಕಾರನ್ನೂ ತಗೋಬೇಕಂತೆ."

"ತಗೋ. ಆ ಕಾರಲ್ಲಿ ಏನಿಲ್ಲ?"

"ಬಲಗಡೆಯ ಹಿಂದಿನ ಬಾಗಿಲು."

ಪದ್ದುಗೆ ಕಾಫಿ ನೆತ್ತಿಗೇರಿತು. ಕೆಮ್ಮುತ್ತಲೇ, "ಇಂಗ್ಲೆಂಡಿಂದ ತರಿಸು. ನಿನ್ನ ಕಾರಿನ ಮೂಲ ಅಲ್ಲಿನ ಟ್ರಯಂಫ್ ಹೆರಾಲ್ಡ್ ತಾನೇ? ಅದಕ್ಕೆ ಇವತ್ತಿಗೂ ಎಲ್ಲಾ ಸಿಗುತ್ತಂತಲ್ಲ" ಎಂದ.

"ತರಿಸಿದೆ. ಗ್ಯಾಸ್ಕೆಟ್ ಬಂತು, ಬುಷ್ ಬಂತು, ಬ್ರೇಕ್ ಕಿಟ್ ಬಂತು. ಬಾಗಿಲು ಕೇಳಿದ್ದಕ್ಕೆ, ಹೆರಾಲ್ಡಿಗೆ ಹಿಂದೆ ಬಾಗಿಲು ಎಲ್ಲಿಂದ ಬಂತು ಅಂತ ನನ್ನನ್ನೇ ಕೇಳಿದರು. ಅವರದ್ದು ಎರಡೇ ಬಾಗಿಲು ಕಣೋ. 1959ರಲ್ಲಿ ಶುರು ಮಾಡಿ 1971ರಲ್ಲಿ ನಿಲ್ಲಿಸೋವರೆಗೂ ಅಷ್ಟೇ. ನಾಲ್ಕು ಬಾಗಿಲು ಇಟ್ಟಿದ್ದು ಇಲ್ಲಿ ಅದನ್ನ ಮಾಡ್ತಿದ್ದ ಮದ್ರಾಸಿನ ಸ್ಟ್ಯಾಂಡರ್ಡ್ ಕಂಪನಿಯವರು."

"ಇಡ್ದೆ ಇನ್ನೇನು?" ಎಂದ ಸೀತಾಪತಿ. "ಒಂಬತ್ತು ಗಜದ ಸೀರೆ ಉಟ್ಟ ಅಜ್ಜಿ, ಹುಳಿ ತಪ್ಪಲೆ ಹಿಡ್ಕೊಂಡು, ಮುಂದಿನ ಸೀಟು ಮಡಚಿ ಹಿಂದಕ್ಕೆ ತೂರ್ಬೇಕಿತ್ತಾ? ಕಾರಿನ ವಿನ್ಯಾಸ ಮಾಡಿದ ಇಟಲಿಯ ಮಿಕೆಲೊಟ್ಟಿ ಚೆಂದವಾಗೇ ಗೆರೆ ಎಳೆದ. ಪಾಪ, ಅವನು ನಮ್ಮಜ್ಜಿಯನ್ನ ನೋಡಿರಲಿಲ್ಲ."

"ಸ್ಟ್ಯಾಂಡರ್ಡಿನವರದ್ದೇ ಗೆಜೆಲ್ ಕಾರು ಇತ್ತಲ್ಲ, 1972ರಲ್ಲಿ ಬಂದಿದ್ದು? ಅದೂ ಇದೇ ವಂಶ. ಅದನ್ನ ಇಟ್ಕೊಂಡೋರನ್ನ ಕೇಳು."

"ಅವರು ನನ್ನ ಹತ್ರ ಬಾಗಿಲು ಕೇಳ್ತಿದ್ದಾರೆ."

ಪದ್ದು ಮಾತು ತಿರುಗಿಸಿದ. "ಏನೇ ಹೇಳು, ಆ ಕಾರು ತಿರುಗೋ ಚೆಂದ! 25 ಅಡಿ ಜಾಗ ಸಾಕು, ಲಂಡನ್ ಟ್ಯಾಕ್ಸಿ ಥರ. ಮಡ್‌ಗಾರ್ಡ್ ಸಮೇತ ಇಡೀ ಬಾನೆಟ್ ಮುಂದಕ್ಕೆ ಮಗುಚುತ್ತೆ. ಟೈರ್ ಮೇಲೆ ಕೂತ್ಕೊಂಡೇ ಇಂಜಿನ್ ಕೆಲಸ ಮಾಡಬಹುದು."

"ನಮ್ಮಪ್ಪ ಭಾನುವಾರ ಕೆಲಸ ಇಲ್ಲದಿದ್ರೂ ಅಲ್ಲೇ ಕೂರೋರು. ಪೇಪರ್ ಓದೋಕೆ," ಎಂದ ಸೀತಾಪತಿ.

"ಬಾಗಿಲಿಗೆ ಬನ್ನಿ," ಎಂದ ಕಿಟ್ಟಿ.

"ತಗಡು ತಟ್ಟಿಸಿ ಮಾಡಿಸೋ. ಟಿಂಕರಿಂಗ್‌ನೋರು ವಾರದಲ್ಲಿ ಕೊಡ್ತಾರೆ."

"ಛೆ! ಎಲ್ಲಾ ಒರಿಜಿನಲ್ ಆಗಿರಬೇಕು."

ಸೀತಾಪತಿ ಇದಕ್ಕೇ ಕಾಯುತ್ತಿದ್ದ. "ಒರಿಜಿನಲ್ ಅಂತೆ! ಆ ಕಾರು ಓಡಾಡೋ ಕಾಲದಲ್ಲಿ ಯಾವತ್ತು ಒರಿಜಿನಲ್ ಆಗಿತ್ತೋ? ನಮ್ಮಪ್ಪನ ಹೆರಾಲ್ಡಿಗೆ ಅಂಬಾಸಿಡರ್ ಹಾರನ್, ಫಿಯಟ್ ಕನ್ನಡಿ. ಒಂದ್ಸಲ ಫ್ಯಾನ್ ಬೆಲ್ಟು ಹಿಟ್ಟಿನ ಗಿರಣಿಯದ್ದು. ತಿಂಗಳುಗಟ್ಟಲೆ ಬಾನೆಟ್ ಎತ್ತಿದರೆ ರಾಗಿ ವಾಸನೆ. ನಿಂಗೆ ನಿಜವಾಗ್ಲೂ ಆ ಕಾಲದ ಥರ ಬೇಕು ಅಂದ್ರೆ ಮೊದಲು ಗಿರಣಿಗೆ ಹೋಗು. ಎಲ್ಲಾ ಕಂಪನಿ ಸಾಮಾನೇ ಹಾಕಿದೆಯೋ, ಅದು ನಕಲಿ!"

ಕಿಟ್ಟಿ ಮುಖ ಸಣ್ಣದಾಯಿತು. ಸೀತಾಪತಿಯ ದನಿ ಸ್ವಲ್ಪ ಇಳಿಯಿತು.

"ನಮ್ಮ ಕಾರಲ್ಲೂ ಅದೇ ಬಾಗಿಲು ಕಣೋ. ನಾನೇ ಚಿಕ್ಕವನಿದ್ದಾಗ ಜಗ್ಗಿ ಜಗ್ಗಿ ಲಾಕಿನ ಕಡ್ಡಿ ಮುರಿದಿದ್ದೆ. ಒಳಗಿಂದ ತೆಗೆಯೋಕೆ ಬರ್ತಿರಲಿಲ್ಲ. ಅಮ್ಮ ಕೂರ್ತಿದ್ದಿದ್ದು ಆ ಕಡೇನೇ. ಅಪ್ಪ ಇಳಿದು, ಪಂಚೆ ಸರಿ ಮಾಡ್ಕೊಂಡು, ಕಾರು ಸುತ್ತಿ ಬಂದು ಬಾಗಿಲು ತೆಗೆಯೋರು. ಛತ್ರದ ಮುಂದೆ ನಿಂತೋರೆಲ್ಲ ನೋಡೋರು. 'ಹೆಂಡತಿ ಅಂದ್ರೆ ಎಷ್ಟು ಮರ್ಯಾದೆ ನೋಡಿ' ಅಂತ ನಮ್ಮ ಚಿಕ್ಕಮ್ಮ ಹೇಳಿ ಹೇಳಿ, ಚಿಕ್ಕಪ್ಪ ಎರಡು ಮದುವೆಗೆ ಬರಲೇ ಇಲ್ಲ."

"ಕಡ್ಡಿ ಮುರಿದಿದ್ದು ಅಮ್ಮನಿಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಏನು? ಯಾರಿಗೂ ಹೇಳಲಿಲ್ಲ ಅಷ್ಟೆ."

ಸೀತಾಪತಿ ಲೋಟದ ತಳ ನೋಡಿದ. "1986ರಲ್ಲಿ ಅದನ್ನ ಗುಜರಿಗೆ ಹಾಕಿ ಮಾರುತಿ ತಗೊಂಡ್ವಿ. ಬೆರಳಲ್ಲಿ ಎಳೆದರೆ ಸಾಕು, ಬಾಗಿಲು ತೆಗೆಯುತ್ತೆ. ಮೊದಲನೇ ದಿನ ದೇವಸ್ಥಾನದ ಮುಂದೆ ನಿಲ್ಲಿಸಿ ಅಪ್ಪ ಹೊರಟೇಬಿಟ್ಟರು. ಅಮ್ಮ ಒಳಗೇ ಕೂತಿದ್ದಳು, ಹಣ್ಣುಕಾಯಿ ಬುಟ್ಟಿ ತೊಡೆ ಮೇಲಿಟ್ಕೊಂಡು. ಅಪ್ಪ ಹತ್ತು ಹೆಜ್ಜೆ ಹೋಗಿ ತಿರುಗಿ ನೋಡಿದರು. ಏನೂ ಅನ್ನಲಿಲ್ಲ. ವಾಪಸ್ ಬಂದು, ಕಾರು ಸುತ್ತಿ..."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

"ಸೀತೂ," ಎಂದ ಕಿಟ್ಟಿ ಮೆಲ್ಲಗೆ. "ಗುಜರಿ ಅಂದ್ಯಲ್ಲ. ಯಾವ ಗುಜರಿ?"