ಹಕ್ಕಿ ಸಾಕಿದ ಮನೇಲಿ ನ್ಯುಮೋನಿಯಾ, ಗಿಳಿ ಜ್ವರ ಇರ್ಬೋದಾ? ಅನುಭವ ಇರೋರು ಹೇಳಿ

ಕೇಳಿದ್ದು, ಹಾಸನದಿಂದ:
ನಮ್ ಅಪ್ಪಾಜಿ ರಿಟೈರ್ ಆದ್ಮೇಲೆ ಮಹಡಿ ಮೇಲೆ ಲವ್ ಬರ್ಡ್ಸು, ಕಾಕಟೀಲು (ಎರಡೂ ಗಿಳಿ ಜಾತೀವೇ) ಸಾಕ್ಕೊಂಡಿದಾರೆ. ಹೋದ ತಿಂಗಳು ಸಂತೆ ಹತ್ರ ಒಬ್ರಿಂದ ಹೊಸ ಜೊತೆ ತಂದ್ರು, ಅದ್ರಲ್ಲಿ ಒಂದು ಪುಕ್ಕ ಉಬ್ಬಿಸ್ಕೊಂಡು ಮೂಲೇಲೇ ಕೂತಿರುತ್ತೆ, ಹಿಕ್ಕೆ ಹಸಿರು ಹಸಿರು, ನೀರು ನೀರು. ಈಗ ಅಪ್ಪಾಜಿಗೆ ಜ್ವರ, ತಲೆ ಸಿಡಿಯೋ ಅಷ್ಟು ನೋವು, ಒಣ ಕೆಮ್ಮು. ಡೆಂಗ್ಯೂ ಇಲ್ಲ, ಟೈಫಾಯ್ಡ್ ಇಲ್ಲ, ಎಕ್ಸ್‌ರೇಲಿ ನ್ಯುಮೋನಿಯಾ ಅಂದ್ರು. ಪಕ್ಕದ್ಮನೆಯವ್ರು ಗಿಳಿ ಜ್ವರ ಅಂತ ಒಂದಿದೆ ನೋಡಿ ಅಂದಿದ್ದೇ ತಡ, ಅಮ್ಮ ಪಂಜರ ಸಮೇತ ಎಲ್ಲಾ ಆಚೆ ಹಾಕಿ ಅಂತ ಹಠ ಹಿಡಿದಿದಾರೆ. ಏನ್ಮಾಡ್ಲಿ?

ಚಿಕ್ಕಮಗಳೂರಿಂದ:
ಮೊದ್ಲು ಡಾಕ್ಟ್ರಿಗೆ ಮನೇಲಿ ಹಕ್ಕಿ ಇದೆ ಅಂತ ಹೇಳಿದೀರಾ? ಇಲ್ಲಾಂದ್ರೆ ಇವತ್ತೇ ಹೇಳಿ. ನಮ್ ಚಿಕ್ಕಪ್ಪಂಗೆ ಇದೇ ಥರ ಆಗಿತ್ತು, ಅವ್ರು ಪಾರಿವಾಳದ ಹುಚ್ಚಿನವ್ರು, ಒಂದು ಕಡೆ ಅಮಾಕ್ಸಿಸಿಲಿನ್ ಅನ್ನೋ ಆಂಟಿಬಯಾಟಿಕ್ ಕೊಟ್ರು, ಜ್ವರ ಜಗ್ಗಲೇ ಇಲ್ಲ, ಇನ್ನೊಂದು ಕಡೆ ಹೋದಾಗ ವಯಸ್ಸಾದ ಡಾಕ್ಟ್ರು ಚಿಕ್ಕಪ್ಪನ ಶರ್ಟಿಗೆ ಅಂಟಿದ್ದ ಪುಕ್ಕ ನೋಡಿ ಹಕ್ಕಿ ಸಾಕಿದೀರೇನ್ರಿ ಅಂತ ಕೇಳಿದ್ರಂತೆ, ಡಾಕ್ಸಿಸೈಕ್ಲಿನ್ ಅನ್ನೋ ಬೇರೆ ಆಂಟಿಬಯಾಟಿಕ್ ಶುರು ಮಾಡಿದ್ರು, ಎರಡೇ ದಿನಕ್ಕೆ ಜ್ವರ ಇಳೀತು. ಟೆಸ್ಟಲ್ಲಿ ಕನ್ಫರ್ಮ್ ಆಗಿದ್ದಲ್ಲ, ಅನುಮಾನದ ಮೇಲೆ ಕೊಟ್ಟಿದ್ದು. ಹಾಗಂತ ಮೆಡಿಕಲ್ ಶಾಪಿಂದ ನೀವೇ ತಂದು ನುಂಗಿಸ್ಬೇಡಿ ಮತ್ತೆ.

ಹಾಸನದಲ್ಲೇ ವೆಟರ್ನರಿ ಓದ್ತಿರೋರು:
ಮೇಲಿನವ್ರು ಹೇಳಿದ್ದು ಸರಿ. ಕಾಯಿಲೆ ಹೆಸರು ಸಿಟಕೋಸಿಸ್, ಬ್ಯಾಕ್ಟೀರಿಯಾ ಕ್ಲಮೈಡಿಯಾ ಸಿಟಾಸಿ (ಲೈಂಗಿಕ ಕಾಯಿಲೆ ತರೋದು ಬೇರೆ ಜಾತಿ, ಗಾಬರಿ ಬೇಡ). ಇದು ಜೀವಕೋಶದ ಒಳಗೆ ಸೇರ್ಕೊಂಡು ಬೆಳೆಯೋದು, ಅದಕ್ಕೇ ಅಮಾಕ್ಸಿಸಿಲಿನ್ ಥರದ ಪೆನಿಸಿಲಿನ್ ಗುಂಪಿನ ಔಷಧಿ ಸರಿಯಾಗಿ ಕೆಲ್ಸ ಮಾಡಲ್ಲ, ಮಾಮೂಲಿ ಕಫದ ಕಲ್ಚರ್‌ನಲ್ಲೂ ಬೆಳೆಯಲ್ಲ, ಪಿಸಿಆರ್ (ರೋಗಾಣುವಿನ ಡಿಎನ್‌ಎ ಹುಡುಕೋ ಟೆಸ್ಟು) ಮಾಡ್ಸಿದ್ರೆ ಗೊತ್ತಾಗುತ್ತೆ. ಅಂದ್ರೆ ಕೇಳಿ ಹುಡುಕಿದ್ರೆ ಮಾತ್ರ ಸಿಗೋ ಕಾಯಿಲೆ. ಸಾಮಾನ್ಯವಾಗಿ ಸೋಂಕು ತಗುಲಿದ 5ರಿಂದ 14 ದಿನಕ್ಕೆ ಜ್ವರ ಬರುತ್ತೆ, ಹೊಸ ಹಕ್ಕಿ ತಂದ ತಾರೀಕು ಲೆಕ್ಕ ಹಾಕಿ ನೋಡಿ.

ಹಕ್ಕಿ ಕಚ್ಚಿದ್ರೇ ಬರ್ಬೇಕು ಅಂತಿಲ್ಲ. ಒಣಗಿದ ಹಿಕ್ಕೆ, ಪುಕ್ಕದ ಧೂಳು ಉಸಿರಲ್ಲಿ ಹೋದ್ರೆ ಸಾಕು. 1929-30ರಲ್ಲಿ ಅರ್ಜೆಂಟೀನಾದಿಂದ ಹೋದ ಅಮೆಜಾನ್ ಗಿಳಿಗಳಿಂದ ಯೂರೋಪು, ಅಮೆರಿಕ ಎಲ್ಲಾ ಕಡೆ ಹಬ್ಬಿತ್ತು, ವಾಷಿಂಗ್ಟನ್‌ನ ಸರ್ಕಾರಿ ಲ್ಯಾಬಲ್ಲಿ ಚಾರ್ಲ್ಸ್ ಆರ್ಮ್‌ಸ್ಟ್ರಾಂಗ್ ಅನ್ನೋರು ಇದ್ರ ಮೇಲೆ ರಿಸರ್ಚ್ ಮಾಡ್ತಿದ್ರು, ಅವ್ರ ಸಹಾಯಕ ತೀರ್ಕೊಂಡ, ಅವ್ರಿಗೂ ಬಂತು, ಕೊನೆಗೆ ಹಕ್ಕಿ ಹತ್ರಾನೇ ಸುಳಿಯದೆ ಅದೇ ಬಿಲ್ಡಿಂಗಲ್ಲಿ ಕೂತಿದ್ದೋರ್ಗೂ ಬಂತು! ಇದು ಹಳೇ ಕತೆ ಅಂದ್ಕೋಬೇಡಿ, 2023, 2024ರಲ್ಲಿ ಯೂರೋಪಿನ 5 ದೇಶಗಳಲ್ಲಿ ಕೇಸ್ ಜಾಸ್ತಿ ಆಗಿದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿತ್ತು, 5 ಜನ ಸತ್ತಿದ್ರು.

ಕೊಪ್ಪದಿಂದ:
ನಮ್ ಕಡೆ ಮಂಗನ ಕಾಯಿಲೆ ಭಯ ಸಾಲ್ದು ಅಂತ ಈಗ ಗಿಳೀದು ಬೇರೆ. ಕೋಳಿಯಿಂದ್ಲೂ ಬರುತ್ತಾ? ನಮ್ಮನೇಲಿ ಹಕ್ಕಿ ಅಂದ್ರೆ ಅದೇ.

ವೆಟರ್ನರಿಯವ್ರು:
ಬರ್ಬೋದು, ಆದ್ರೆ ಗಿಳಿ ಜಾತಿ, ಪಾರಿವಾಳ, ಬಾತುಕೋಳಿ, ಟರ್ಕಿ ಇವುಗಳದ್ದೇ ಹೆಚ್ಚು.

ಹಾಸನದಿಂದ, ಕೇಳಿದವರೇ:
ತುಂಬಾ ಥ್ಯಾಂಕ್ಸ್. ಹಕ್ಕಿ ಕೊಟ್ಬಿಡ್ಬೇಕಾ? ಅಪ್ಪಾಜಿ ಒಪ್ಪಲ್ಲ. ಇನ್ನೊಂದು, ಅಕ್ಕ ಏಳು ತಿಂಗಳು ಬಸುರಿ, ಸೀಮಂತ ಮುಗಿಸ್ಕೊಂಡು ಇಲ್ಲಿಗೇ ಬಂದಿದಾಳೆ.

ವೆಟರ್ನರಿಯವ್ರು:
ಇದನ್ನ ಮೊದ್ಲೇ ಹೇಳ್ಬೇಕಲ್ವಾ ಸಾರ್! ಬಸುರಿಯರಿಗೆ ಬಂದ್ರೆ ತಾಯಿ, ಮಗು ಇಬ್ರಿಗೂ ಅಪಾಯ. ಸದ್ಯಕ್ಕೆ ಅವ್ರು ಮಹಡಿ ಹತ್ತೋದೇ ಬೇಡ, ಆಗೋದಾದ್ರೆ ಬೇರೆ ಮನೇಲಿರ್ಲಿ. ಅವ್ರನ್ನ ನೋಡ್ತಿರೋ ಡಾಕ್ಟ್ರಿಗೂ ವಿಷ್ಯ ತಿಳ್ಸಿ, ಬಸುರಿಯರಿಗೆ ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ ಬದ್ಲು ಅಜಿಥ್ರೋಮೈಸಿನ್ ಕೊಡ್ತಾರೆ.

ಹಕ್ಕಿ ಕೊಡ್ಲೇಬೇಡಿ, ತಗೊಂಡೋರ ಮನೆಗೆ ಕಾಯಿಲೆ ಕೊಟ್ಟ ಹಾಗಾಗುತ್ತೆ. ಹುಷಾರಿಲ್ದಿರೋದನ್ನ ಬೇರೆ ಇಡಿ, ಹಕ್ಕಿ ನೋಡೋ ಡಾಕ್ಟ್ರಿಗೆ ತೋರ್ಸಿ. ಹಕ್ಕಿಗೆ ಟ್ರೀಟ್‌ಮೆಂಟ್ ಮಾಮೂಲಿ 45 ದಿನ, ಆಗ ಪಂಜರಕ್ಕೆ ಸಿಗಿಸಿರೋ ಕಟಲ್ ಬೋನ್ (ಹಕ್ಕಿ ಕೊಕ್ಕಲ್ಲಿ ಕೆರೆಯೋ ಬಿಳಿ ತುಂಡು) ತೆಗೀರಿ, ಅದ್ರಲ್ಲಿರೋ ಕ್ಯಾಲ್ಸಿಯಂ ಔಷಧೀನ ಹಿಡ್ಕೊಂಡ್ಬಿಡುತ್ತೆ, ಮೈಗೆ ಹತ್ತಲ್ಲ. ಕಾಕಟೀಲ್ ಇಟ್ಟಿರೋ ಕಡೆ ಕಿಟಕಿ ಕಂಬಿ ಮೇಲೆಲ್ಲಾ ಬಿಳಿ ಪೌಡರ್ ಕೂತಿರುತ್ತಲ್ಲ, ಅದನ್ನ ಪೊರಕೇಲಿ ಗುಡಿಸ್ಲೇಬೇಡಿ. ಹಕ್ಕಿ ಆಚೆ ಇಟ್ಟು, ಎನ್ 95 ಮಾಸ್ಕ್ ಹಾಕ್ಕೊಂಡು, ನೀರು ಚಿಮುಕ್ಸಿ, ಪಂಜರದಡಿ ಹಾಸಿರೋ ಪೇಪರ್ ಒದ್ದೆ ಇರೋವಾಗ್ಲೇ ಸುತ್ತಿ ಕವರಿಗೆ ಹಾಕಿ. ಆಮೇಲೆ ಮನೆಗೆ ಬಳ್ಸೋ ಬ್ಲೀಚ್ ಒಂದು ಪಾಲಿಗೆ ನೂರು ಪಾಲು ನೀರು ಸೇರ್ಸಿ ಒರೆಸಿ. ಈ ಕೆಲ್ಸ ಅಪ್ಪಾಜಿ ಕೈಲಿ ಮಾಡಿಸ್ಬೇಡಿ.

ಚಿಕ್ಕಮಗಳೂರಿಂದ:
ಮುಂದೆ ಹೊಸ ಹಕ್ಕಿ ತಂದ್ರೆ ಒಂದು ತಿಂಗಳಾದ್ರೂ ಬೇರೆ ರೂಮಲ್ಲಿಟ್ಟು ಆಮೇಲೆ ಸೇರ್ಸೋಕೆ ಹೇಳಿ ಅಪ್ಪಾಜಿಗೆ. ಚೆನ್ನಾಗಿ ಕಾಣೋ ಹಕ್ಕೀಲೂ ಈ ಬ್ಯಾಕ್ಟೀರಿಯಾ ಇರುತ್ತೆ, ಗಾಡೀಲಿ ತುಂಬ್ಕೊಂಡು ಬಂದ ಸುಸ್ತಿಗೆ ಹಿಕ್ಕೇಲಿ ಹೊರಗೆ ಬರೋಕೆ ಶುರುವಾಗುತ್ತೆ ಅಂತ ನಮ್ ಚಿಕ್ಕಪ್ಪಂಗೆ ಡಾಕ್ಟ್ರು ಹೇಳಿದ್ರು.